ಎತ್ತು ಮಾರಿ ಗೆದ್ದವನ ಮಾತು

ಮೊನ್ನೆ ಸಂಜೆ ಬಂದು ಕಾಲಿಗೆ ಬಿದ್ದೆಯಲ್ಲ ಮಗಾ, ಆವಾಗಲೇ ನನಗೆ ಗೊತ್ತಾಯ್ತು. ಯುಗಾದಿಗೂ ಬಗ್ಗದ ಸೊಂಟ ಸುಮ್ಮನೆ ಬಗ್ಗೋದಿಲ್ಲ. ಆಶೀರ್ವಾದ ಮಾಡಿ ಎಬ್ಬಿಸೋ ಮುಂಚೆಯೇ ಫೋನು ತೆಗೆದು ಫ್ಲೆಕ್ಸಿನ ಚಿತ್ರ ತೋರಿಸಿದೆ. ನಡುವೆ ನೀನು, ಕೈ ಮುಗಿದುಕೊಂಡು. ಮೇಲೆ ಸಾಲಾಗಿ ಮುಖಂಡರ ತಲೆಗಳು. ಕೆಳಗೆ ಗೆಳೆಯರ ಹೆಸರು. ಮೂಲೆಯಲ್ಲಿ ಅಮ್ಮನವರು. "ತಾತ, ಈ ಸಲ ಪಂಚಾಯ್ತಿಗೆ ನಿಲ್ತೀನಿ" ಅಂದೆ.

ಸಂತೋಷ ಕಣಪ್ಪ. ಓದಿದ ಹುಡುಗರೆಲ್ಲ ಬೀರೂರಲ್ಲಿ ರೈಲು ಹತ್ತಿ ಬೆಂಗಳೂರು ಸೇರೋ ಕಾಲ ಇದು. ಊರಲ್ಲೇ ಇದ್ದು ಏನಾದರೂ ಮಾಡ್ತೀನಿ ಅನ್ನೋನು ಸಿಗೋದೇ ಅಪರೂಪ. ನಿನಗೆ ಬಾಯಿದೆ, ಧೈರ್ಯವಿದೆ, ನಾಲ್ಕು ಜನಕ್ಕೆ ಓಡಾಡೋ ಕಾಲಿದೆ. ಇಲ್ಲದೇ ಇರೋದು ಒಂದೇ, ತಾಳ್ಮೆ. ಅದನ್ನ ಅಂಗಡಿಯಲ್ಲಿ ಮಾರೋದಿಲ್ಲ. ಅದಕ್ಕೇ ಕೂರಿಸಿಕೊಂಡು ಹೇಳ್ತಿದ್ದೀನಿ.

ನಾನು ಕಂಡುಕೊಂಡಿದ್ದು ಇಷ್ಟು. ಪ್ರಚಾರ ಅಂದರೆ ಸಾಲ ಎತ್ತೋದು. ಸದಸ್ಯಗಿರಿ ಅಂದರೆ ಆ ಸಾಲ ತೀರಿಸೋದು. ದುಡ್ಡಿನ ಸಾಲ ಒಂದೇ ಅಂದುಕೊಳ್ಳಬೇಡ. ಮಾತಿನ ಸಾಲ, ಪಕ್ಷದ ಸಾಲ, ದೇವರ ಸಾಲ, ಹಗೆಯ ಸಾಲ ಎಲ್ಲ ಇದೆ. ಹದಿನೈದು ದಿನದಲ್ಲಿ ಎತ್ತಿದ್ದನ್ನ ಐದು ವರ್ಷ ತೀರಿಸಬೇಕು. ತೀರಿಸೋಕಾಗದಷ್ಟು ಎತ್ತಿದವನ ಕೈ ಕಟ್ಟಿಹೋಗುತ್ತೆ. ಕಟ್ಟಿದ ಕೈಯಲ್ಲಿ ಊರ ಕೆಲಸ ಮಾಡೋಕಾಗಲ್ಲ.

ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ಅನುಭವಿಸಿ ಹೇಳ್ತಿದ್ದೀನಿ.

1987ರ ಜನವರಿ. ರಾಮಕೃಷ್ಣ ಹೆಗಡೆಯವರ ಸರ್ಕಾರ. ಗ್ರಾಮೀಣಾಭಿವೃದ್ಧಿಗೆ ಅಬ್ದುಲ್ ನಜೀರ್ ಸಾಬ್ ಮಂತ್ರಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದ್ದಕ್ಕೆ ಜನ ಅವರನ್ನ 'ನೀರ್ ಸಾಬ್' ಅಂತಲೇ ಕರೀತಿದ್ದರು. ಅವರು ತಂದ 1983ರ ಕಾಯ್ದೆಯಂತೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿಗೆ ಮೊದಲ ಚುನಾವಣೆ ಬಂತು. ಹೆಣ್ಣುಮಕ್ಕಳಿಗೆ ನಾಲ್ಕರಲ್ಲೊಂದು ಪಾಲು ಮೀಸಲು ಇಟ್ಟಿದ್ದೂ ಅದೇ ಕಾಯ್ದೆ. ದೆಹಲಿಯವರು ಸಂವಿಧಾನಕ್ಕೆ 73ನೇ ತಿದ್ದುಪಡಿ ತಂದಿದ್ದು ಆಮೇಲೆ, 1993ಕ್ಕೆ. ನಮ್ಮ ಕರ್ನಾಟಕ ಆರು ವರ್ಷ ಮುಂಚೆಯೇ ಹಳ್ಳಿಯವರ ಕೈಗೆ ಅಧಿಕಾರ ಕೊಟ್ಟು ನೋಡಿತ್ತು.

ನನಗಾಗ ಮೂವತ್ತಮೂರು. ನಿನ್ನಷ್ಟೇ ಅವಸರ. ಮನೆಯಲ್ಲಿ ಒಂದು ಜೋಡಿ ಅಮೃತ ಮಹಲ್ ಎತ್ತು ಇದ್ದವು. ಅಜ್ಜಂಪುರದ ತಳಿ ಕೇಂದ್ರದ ಹರಾಜಿನಲ್ಲಿ ಹೋರಿಕರು ತಂದು, ಅಪ್ಪ ತನ್ನ ಕೈಯಾರೆ ಪಳಗಿಸಿದ್ದು. ಆ ತಳಿ ಗೊತ್ತಲ್ಲ, ಮೈಸೂರು ಒಡೆಯರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಅನ್ನಿಸಿಕೊಂಡು, ಫಿರಂಗಿ ಎಳೆದದ್ದು. ಪ್ರತಿ ವರ್ಷ ಅಂತರಘಟ್ಟಮ್ಮನ ಜಾತ್ರೆಗೆ ನಮ್ಮ ಪಾನಕದ ಬಂಡಿಗೆ ಅವೇ ನೊಗ ಕೊಡೋದು. ಗುಡಿಯ ಹಾದಿಯಲ್ಲಿ ಅವು ಗೆಜ್ಜೆ ಕುಣಿಸಿಕೊಂಡು ಓಡಿದರೆ ಜನ ಎರಡೂ ಕಡೆ ಸರಿದು ನಿಂತು ಕೇಕೆ ಹಾಕೋರು.

ನಾನು ಅವನ್ನ ಮಾರಿದೆ. ಜೀಪಿನ ಬಾಡಿಗೆ, ಬೀಡಿ ಕಟ್ಟು, ಎರಡು ಸಲದ ಬಾಡೂಟ, ಅಷ್ಟಕ್ಕೆ. ಅಪ್ಪ ಬೇಡ ಅನ್ನಲಿಲ್ಲ. ಹಗ್ಗ ಬಿಚ್ಚೋವಾಗ ಹಿತ್ತಲಿಗೆ ಹೋಗಿ ಕೂತರು.

ಗೆದ್ದೆ. ಹನ್ನೊಂದು ಮತದಲ್ಲಿ. ಹಾರ, ತಮಟೆ, ಮೆರವಣಿಗೆ ಎಲ್ಲ ಆಯ್ತು. ಮುಂದಿನ ತಿಂಗಳು ಜಾತ್ರೆ ಬಂತು. ಊರ ಬಂಡಿಗಳೆಲ್ಲ ಹೊರಟವು. ನಮ್ಮ ಬಂಡಿ ಅಂಗಳದಲ್ಲಿ ಮೂಕಿ ನೆಲಕ್ಕೆ ಊರಿ ನಿಂತಿತ್ತು. ಅಪ್ಪ ಪಾನಕದ ಕೊಡ ಹೊತ್ತುಕೊಂಡು ಪಕ್ಕದ ಮನೆಯವರ ಬಂಡಿಯಲ್ಲಿ ಹಿಂದುಗಡೆ ಕೂತು ಹೋದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಬೈಯಲಿಲ್ಲ, ಅದಕ್ಕೇ ಮರೆತಿಲ್ಲ.

ಎತ್ತಿನ ದುಡ್ಡೂ ಸಾಲದೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಕೈಸಾಲ ಮಾಡಿದ್ದೆ. "ಇರಲಿ ಬಿಡಿ ಅಣ್ಣ, ಗೆದ್ದ ಮೇಲೆ ನೋಡೋಣ" ಅಂದಿದ್ದ. ಈ 'ನೋಡೋಣ' ಅನ್ನೋ ಮಾತಿಗೆ ಹೆದರು ಮಗಾ. ಬಡ್ಡಿ ಕೇಳೋ ಸಾಹುಕಾರನಾದರೂ ವಾಸಿ. ಮಾರನೇ ವರ್ಷ ಅವನೇ ಒಂದು ಮೋರಿ ಕಟ್ಟಿದ. ಸಿಮೆಂಟಿಗಿಂತ ಮರಳೇ ಜಾಸ್ತಿ. ಕಣ್ಣಾರೆ ಕಂಡೆ. ಬಾಯಿ ಬಿಡಲಿಲ್ಲ. ಎರಡನೇ ಮಳೆಗಾಲಕ್ಕೆ ಮೋರಿ ಕುಸಿದು, ಆ ಕಡೆಯ ಮಕ್ಕಳು ಒಂದು ತಿಂಗಳು ಶಾಲೆಗೆ ಬಳಸಿಕೊಂಡು ನಡೆದರು. ಅವರನ್ನ ನೋಡಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ.

ಈಗ ನಿನ್ನ ವಿಷಯಕ್ಕೆ ಬರೋಣ.

ಮೊದಲು ದುಡ್ಡು. ನಿನ್ನ ಆ ಎರಡು ಎಕರೆ ಅಡಿಕೆ ತೋಟದ ಮೇಲೆ ಕಣ್ಣು ಹಾಕಬೇಡ. ಸದಸ್ಯನಿಗೆ ತಿಂಗಳಿಗೆ ಬರೋ ಗೌರವಧನ ನಿನ್ನ ಬೈಕಿನ ಪೆಟ್ರೋಲಿಗೂ ಸಾಲದು. ಅಂದಮೇಲೆ ಲಕ್ಷಗಟ್ಟಲೆ ಸುರಿದವನು ಅದನ್ನ ಎಲ್ಲಿಂದ ವಾಪಸು ತೆಗೀತಾನೆ? ಚರಂಡಿಯ ಸಿಮೆಂಟಿನಿಂದ, ಬಡವರ ಮನೆ ಬಿಲ್ಲಿನಿಂದ. ಬೇರೆ ದಾರಿ ಇಲ್ಲ. ಜನಕ್ಕೂ ಇದು ಗೊತ್ತು. ನೀನು ಹಂಚಿದ ನೋಟು ಜೇಬಿಗೆ ಹಾಕಿಕೊಳ್ಳುತ್ತಲೇ "ಇದು ನಮ್ಮದೇ ದುಡ್ಡು" ಅಂದುಕೊಳ್ಳುತ್ತಾರೆ. ದುಡ್ಡು ಕೊಟ್ಟು ಮತ ತಗೊಂಡವನ ಹತ್ತಿರ ಆಮೇಲೆ ಯಾರೂ ಕೆಲಸ ಕೇಳೋದಿಲ್ಲ. ಲೆಕ್ಕ ಚುಕ್ತಾ ಆಯ್ತಲ್ಲ! ಇದಕ್ಕಿಂತ ದೊಡ್ಡ ಅವಮಾನ ಯಾವುದು?

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಹೊತ್ತಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದರು. ಪೇಪರಿನಲ್ಲೂ ಬಂತು. ಚುನಾವಣಾ ಆಯೋಗದವರು ಇದು ಅಪರಾಧ ಅಂತ ಎಚ್ಚರಿಸಬೇಕಾಯ್ತು. "ದುಡ್ಡು ದೇವಸ್ಥಾನಕ್ಕೆ ತಾನೇ ಹೋಗೋದು, ಊರಲ್ಲಿ ಜಗಳವೂ ಇರಲ್ಲ" ಅಂತ ದೊಡ್ಡವರೇ ಸಮಜಾಯಿಷಿ ಹೇಳುತ್ತಾರೆ. ನಿನ್ನ ಮುಂದೆಯೂ ಯಾರಾದರೂ ಹೇಳಿಯಾರು. ಕೇಳಬೇಡ. ಅಜ್ಜಂಪುರದ ಹರಾಜಿನಲ್ಲಿ ಹೋರಿ ಕೊಳ್ಳಬಹುದು. ಕೂಲಿ ಮಾಡೋಳ ಒಂದು ಓಟು ಹಾಗೆ ಕೊಳ್ಳೋದಲ್ಲ. ವರ್ಷವಿಡೀ ಯಾರೂ ಕೇಳದ ಅವಳ ಅಭಿಪ್ರಾಯಕ್ಕೆ ಬೆಲೆ ಬರೋದು ಅದೊಂದೇ ದಿನ. ಅದನ್ನೂ ಕಟ್ಟೆ ಮೇಲೆ ಕೂತವರು ಕಿತ್ತುಕೊಂಡರೆ ಹೇಗೆ?

ದೇವರ ಮಾತು ಬಂತಲ್ಲ, ಇದನ್ನೂ ಕೇಳಿಸಿಕೋ. ರಾತ್ರಿ ಹೊತ್ತು ಮನೆಗೆ ಹೋಗಿ, ಎಲೆ ಅಡಿಕೆ, ಕುಂಕುಮ, ನೋಟು ಇಟ್ಟು "ಅಮ್ಮನ ಮೇಲೆ ಆಣೆ ಮಾಡು" ಅನ್ನೋ ಚಾಳಿ ಇದೆ. ನೀನು ಮಾಡಬೇಡ. ನಿನ್ನ ಹುಡುಗರಿಗೂ ಮಾಡಗೊಡಬೇಡ. ದೇವರ ಕೋಪದ ಭಯ ಹಾಕಿ ಮತ ಕೇಳೋದು ಕಾನೂನಿನಲ್ಲೂ ತಪ್ಪು. ಕಾನೂನು ಹಾಗಿರಲಿ. ಸುತ್ತಮುತ್ತಲ ಜಿಲ್ಲೆಗಳ ಜನ ಜಾತ್ರೆಗೆ ಬಂಡಿ ಕಟ್ಟಿಕೊಂಡು, ಮಕ್ಕಳುಮರಿ ಕೂರಿಸಿಕೊಂಡು ಬರೋದು ಆ ತಾಯಿ ಎಲ್ಲರಿಗೂ ಒಂದೇ ಅನ್ನೋ ನಂಬಿಕೆಯಿಂದ. ಅವಳನ್ನ ನಿನ್ನ ವಾರ್ಡಿನ ಏಜೆಂಟು ಮಾಡಬೇಡಪ್ಪಾ. ಕೈ ಮುಗಿ, ಪಾನಕ ಕೊಡು, ಹೊರಗೆ ಬಾ. ಓಟಿನ ವ್ಯವಹಾರ ಗುಡಿ ಮೆಟ್ಟಿಲ ಕೆಳಗೇ ಇರಲಿ.

ಆಮೇಲೆ ಮಾತು. ನಿನ್ನ ಕರಪತ್ರದ ಕರಡು ಓದಿದೆ. ಮೊದಲನೇ ಸಾಲಿನಲ್ಲೇ 'ಕೆರೆಗಳಿಗೆ ಭದ್ರಾ ನೀರು' ಅಂತ ಬರೆದಿದ್ದೀಯ. ಭದ್ರಾ ಮೇಲ್ದಂಡೆ ಯೋಜನೆ ಅಂದರೆ ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ ನೀರಿನ ಲೆಕ್ಕ. ಎತ್ತಿದ ನೀರು ಅಜ್ಜಂಪುರದ ಹತ್ತಿರ ಸುರಂಗ ದಾಟಿ ಚಿತ್ರದುರ್ಗ, ತುಮಕೂರಿನವರೆಗೂ ಹರೀಬೇಕು. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಅಂತ ಘೋಷಿಸಿದ ಮೇಲೂ ಬೆಂಗಳೂರಿಗೂ ದೆಹಲಿಗೂ ಆ ದುಡ್ಡಿನ ಹಗ್ಗಜಗ್ಗಾಟ ನಡೆಯಿತು. ಮುಖ್ಯಮಂತ್ರಿಗಳಿಗೇ ಬಗೆಹರಿಯದ ನೀರನ್ನ ನೀನು ಕರಪತ್ರದಲ್ಲಿ ಹರಿಸಿಬಿಟ್ಟೆ! ಅಳಿಸು ಅದನ್ನ.

ನಾನೂ ಹೀಗೇ ಮಾಡಿದ್ದೆ. ಮೂರು ಬೀದಿಗೂ ಹೋಗಿ "ಗೆದ್ದರೆ ಕೈಪಂಪು ನಿಮ್ಮ ಬೀದಿಗೇ" ಅಂದಿದ್ದೆ. ಮಂಜೂರಾಗಿದ್ದು ಒಂದೇ ಕೊಳವೆಬಾವಿ. ನೀರು ಇದೆ ಅಂತ ಭೂವಿಜ್ಞಾನಿ ಗುರುತು ಹಾಕಿದ್ದು ನಾಲ್ಕನೇ ಬೀದಿಯಲ್ಲಿ. ಮೂರು ಬೀದಿಯವರೂ ಮಾತು ಬಿಟ್ಟರು. ನಾಲ್ಕನೆಯವರು ಇದು ನಮ್ಮ ಅದೃಷ್ಟ ಅಂದುಕೊಂಡರು. ನಿಜ ಹೇಳಿದ್ದರೆ ಎಲ್ಲರೂ ಅದೇ ನೀರು ಕುಡಿದು ಸುಮ್ಮನಿರುತ್ತಿದ್ದರು.

ಅದಕ್ಕೇ ಪಂಚಾಯಿತಿಯ ಕೈಯಲ್ಲಿ ಏನಿದೆ ಅಂತ ಮೊದಲು ತಿಳಕೋ. ಕುಡಿಯೋ ನೀರು, ಬೀದಿ ದೀಪ, ಚರಂಡಿ, ಕಸ, ಸ್ಮಶಾನದ ದಾರಿ, ಉದ್ಯೋಗ ಖಾತ್ರಿ ಕೆಲಸ, ಮನೆ ಇಲ್ಲದವರ ಪಟ್ಟಿ, ಇ-ಸ್ವತ್ತು, ಕಂದಾಯ. ಕೇಳೋಕೆ ಸಣ್ಣವು. ಆದರೆ ಬೇಸಿಗೆಯಲ್ಲಿ ಮೋಟಾರು ಸುಟ್ಟು ನಾಲ್ಕು ದಿನ ನೀರಿಲ್ಲದಿದ್ದರೆ ಜನಕ್ಕೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಈ ಭಾಗದಲ್ಲಿ ಹೊಲಕ್ಕೆ ನೂರಾರು ಅಡಿ ಕೊರೆಸಿ ಬತ್ತಿದ ಬೋರು ನೋಡಿಕೊಂಡು ಅತ್ತವರ ಮನೆ ಎಷ್ಟಿಲ್ಲ? ಕುಡಿಯೋ ನೀರಾದರೂ ಹೊತ್ತಿಗೆ ಬರಲಿ ಅಂತಾರೆ ಅವರು. 15ನೇ ಹಣಕಾಸು ಆಯೋಗದವರು ಪಂಚಾಯಿತಿಗೆ ಕೊಟ್ಟ ನೂರು ರೂಪಾಯಿಯಲ್ಲಿ ಅರವತ್ತು ರೂಪಾಯಿ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟುಮಾಡಿದ್ದು ಸುಮ್ಮನೆ ಅಲ್ಲ.

ಇನ್ನೊಂದು ನೋಡು, ಮೇಲಿನ ಕುರ್ಚಿಗಳು ನಮ್ಮ ಜನಕ್ಕೆ ಎಷ್ಟು ದೂರ ಅಂತ. ಕಡೂರು, ತರೀಕೆರೆ ಅಕ್ಕಪಕ್ಕದ ಊರು. ಆದರೆ ಕಡೂರಿನವರು ಎಂಪಿ ಓಟು ಹಾಕೋದು ಹಾಸನ ಕ್ಷೇತ್ರಕ್ಕೆ, ತರೀಕೆರೆಯವರು ಹಾಕೋದು ಉಡುಪಿ-ಚಿಕ್ಕಮಗಳೂರಿಗೆ. ಅಜ್ಜಂಪುರ 2018ರಲ್ಲಿ ಹೊಸ ತಾಲ್ಲೂಕಾದ ಮೇಲೆ ಯಾವ ಕಾಗದಕ್ಕೆ ಯಾವ ಕಚೇರಿ ಅಂತ ವಯಸ್ಸಾದವರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಯೋಚಿಸೋ ಹಾಗಾಯ್ತು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ನಡೆದದ್ದು. ಅವರ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಆ ಕುರ್ಚಿಗಳು ಖಾಲಿ. ಆ ಕಾಲದಲ್ಲಿ ಬಡವರು ಬಾಗಿಲು ತಟ್ಟಬಹುದಾದ, ಓಟಿನಿಂದ ಬಂದ ಮನುಷ್ಯ ಅಂತ ಹತ್ತಿರದಲ್ಲಿ ಉಳಿದವನು ಗ್ರಾಮ ಪಂಚಾಯಿತಿ ಸದಸ್ಯ ಒಬ್ಬನೇ. ಆ ಜಾಗಕ್ಕೆ ನೀನು ಹೊರಟಿರೋದು. ಹಗುರಾಗಿ ತಿಳೀಬೇಡ.

ಈಗ ಪಕ್ಷದ ಮಾತು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಕಾಯ್ದೆ ಮಾಡಿದವರು ಬುದ್ಧಿವಂತಿಕೆಯಿಂದಲೇ ಹಾಗೆ ಮಾಡಿದ್ದಾರೆ. ಆದರೂ ಫಲಿತಾಂಶದ ಸಂಜೆ 'ನಮ್ಮ ಬೆಂಬಲಿತರು ಇಷ್ಟು' ಅಂತ ಎಲ್ಲರೂ ಪಟ್ಟಿ ಬಿಡುತ್ತಾರೆ. ನಿನ್ನ ಹೆಸರು ಎರಡು ಪಟ್ಟಿಯಲ್ಲಿ ಬಂದರೂ ಆಶ್ಚರ್ಯವಿಲ್ಲ. ಪಕ್ಷ ಇರಲಿ, ಬೇಡ ಅನ್ನಲ್ಲ. ಒಂದು ನಂಬಿಕೆ ಇಟ್ಟುಕೊಂಡು ಬಾಳೋನು ಒಳ್ಳೆಯವನೇ. ಆದರೆ ಆ ಜಗಳವನ್ನ ಬೀದಿ ನಲ್ಲಿಗೆ ತರಬೇಡ.

1978ರ ನವೆಂಬರ್ ಹೇಳ್ತೀನಿ ಕೇಳು. ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೆ ಬಂದು ಲೋಕಸಭೆಗೆ ನಿಂತರು. ಡಿ.ಬಿ. ಚಂದ್ರೇಗೌಡರು ಅವರಿಗಾಗಿ ಸ್ಥಾನ ಬಿಟ್ಟುಕೊಟ್ಟಿದ್ದರು. ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು. ಇಡೀ ದೇಶದ ಕಣ್ಣು ನಮ್ಮ ಜಿಲ್ಲೆಯ ಮೇಲೆ. ಧೂಳೆಬ್ಬಿಸಿಕೊಂಡು ಓಡೋ ಜೀಪುಗಳೇನು, ಗೋಡೆಬರಹಗಳೇನು! ನನಗೆ ಇಪ್ಪತ್ತನಾಲ್ಕು. ನಮ್ಮ ಬೀದಿಯಲ್ಲಿ ಅಣ್ಣ ಆ ಕಡೆ, ತಮ್ಮ ಈ ಕಡೆ. ಮಾತಿಗೆ ಮಾತು ಬೆಳೆದು ಬೇಲಿ ಕಿತ್ತರು, ಉಂಬೋ ತಟ್ಟೆ ಬೇರೆ ಆಯ್ತು. ಇಂದಿರಾ ಗೆದ್ದರು. ಆಮೇಲೇನಾಯ್ತು? ಎದುರು ನಿಂತಿದ್ದ ವೀರೇಂದ್ರ ಪಾಟೀಲರು ಇಂದಿರಾ ಅವರ ಪಕ್ಷಕ್ಕೇ ಬಂದು, 1980ರಲ್ಲಿ ಅವರ ಮಂತ್ರಿಮಂಡಲದಲ್ಲಿ ಕೂತರು. 1989ರಲ್ಲಿ ಅದೇ ಪಕ್ಷದಿಂದ ಮುಖ್ಯಮಂತ್ರಿಯೂ ಆದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಬೇರೆ ಬೇರೆ ಪಕ್ಷ ಕಂಡು 2009ರಲ್ಲಿ ಬಿಜೆಪಿಯಿಂದ ಲೋಕಸಭೆಗೆ ಹೋದರು. ಅವರನ್ನ ನಾನು ದೂರೋದಿಲ್ಲ. ರಾಜಕಾರಣದ ದಾರಿ ಹಾಗೇ ತಿರುಗುತ್ತೆ. ಆದರೆ ನಮ್ಮ ಬೀದಿಯ ಆ ಅಣ್ಣ ತಮ್ಮ ಸಾಯೋತನಕ ಒಬ್ಬರ ಮನೆ ನೀರು ಇನ್ನೊಬ್ಬರು ಕುಡಿಯಲಿಲ್ಲ. ದೊಡ್ಡವರು ರಾಜಿಯಾಗೋಕೆ ದಿಲ್ಲಿ, ಬೆಂಗಳೂರು ಇದೆ. ನಮಗೆ ಇರೋದು ಇದೊಂದೇ ಬೀದಿ.

ಆದ್ದರಿಂದ ಎದುರಾಳಿಯ ಮನೆಗೂ ಹೋಗಿ ಮತ ಕೇಳು. ಅವನ ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಬಾ. ಫೋನಿನಲ್ಲಿ ಅವನ ಹೆಂಡತಿ ಮಕ್ಕಳ ಬಗ್ಗೆ ಯಾರಾದರೂ ಕೆಟ್ಟದಾಗಿ ಹರಿಯಬಿಟ್ಟರೆ, ಅವರು ನಿನ್ನ ಕಡೆಯವರೇ ಆದರೂ, ಗುಂಪಿನಲ್ಲೇ ಗದರಿಸು. ನಾಳೆ ಸೂತಕದ ಮನೆಯಲ್ಲಿ ಚಟ್ಟಕ್ಕೆ ಹೆಗಲು ಕೊಡೋಕೆ ನೀವಿಬ್ಬರೂ ಅಕ್ಕಪಕ್ಕ ನಿಲ್ಲಬೇಕು.

ಹೆಣ್ಣುಮಕ್ಕಳ ವಿಚಾರದಲ್ಲೂ ಒಂದು ಮಾತು. 2010ರಿಂದ ಈಚೆಗೆ ಪಂಚಾಯಿತಿಯ ಅರ್ಧ ಸ್ಥಾನ ಅವರದ್ದು. ಮೀಸಲಾತಿ ಪಟ್ಟಿಯಲ್ಲಿ ನಿನ್ನ ಸ್ಥಾನ ಮಹಿಳೆಗೆ ಹೋದರೆ ಏನು ಮಾಡ್ತೀಯ ಅಂತ ಕೇಳಿದ್ದಕ್ಕೆ, "ಹೆಂಡ್ತಿನ ನಿಲ್ಲಿಸ್ತೀನಿ, ಕೆಲಸ ನಾನು ಮಾಡ್ತೀನಿ" ಅಂದೆ. ಅವಳು ಒಳಗಿಂದ ಕೇಳಿಸಿಕೊಳ್ತಿದ್ದಳು, ಗೊತ್ತಾ? ಸ್ತ್ರೀಶಕ್ತಿ ಸಂಘದ ಲೆಕ್ಕ ಒಂದು ರೂಪಾಯಿ ಆಚೀಚೆ ಆಗದ ಹಾಗೆ ಬರೆಯೋಳು ಅವಳು. ಯಾವ ಮನೆಗೆ ನೀರು ಏರೋದಿಲ್ಲ, ಯಾವ ಮುದುಕಿಗೆ ಪಿಂಚಣಿ ನಿಂತಿದೆ ಅಂತ ನಿನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳು ನಿಂತರೆ ಸಭೆಗೆ ಅವಳೇ ಹೋಗಲಿ, ಅವಳೇ ಮಾತಾಡಲಿ. ನೀನು ಆ ಹೊತ್ತಿಗೆ ಮನೆಯಲ್ಲಿ ರೊಟ್ಟಿ ಸುಡು. ಸದಸ್ಯೆಯ ಗಂಡ ಅನ್ನೋ ಹುದ್ದೆ ಯಾವ ಕಾಯ್ದೆಯಲ್ಲೂ ಇಲ್ಲ.

ಇನ್ನು ಗೆದ್ದ ಮೇಲೆ ಕಲಿಯೋಣ ಅನ್ನಬೇಡ. ಈಗಲೇ ಕಲಿ. ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆ ಸೇರಬೇಕು. ಮನೆ ಯಾರಿಗೆ ಅಂತ ತೀರ್ಮಾನವಾಗೋದು ಅಲ್ಲಿ. ನೀನು ಈವರೆಗೆ ಎಷ್ಟು ಸಭೆಗೆ ಹೋಗಿದ್ದೀಯ? ಲೆಕ್ಕ ಹೇಳಬೇಡ, ನನಗೆ ಗೊತ್ತಿದೆ. ಜಮಾಬಂದಿ ದಿನ ಪಂಚಾಯಿತಿಯ ಜಮಾ ಖರ್ಚು ಊರ ಮುಂದೆ ಇಡಬೇಕು. ಅವತ್ತು ಮುಂದಿನ ಸಾಲಲ್ಲಿ ಕೂತು ಕೇಳು. ನಡಾವಳಿ ಪುಸ್ತಕ ಓದೋಕೆ ಕಲಿ. ಬರೆಯದೆ ಬಿಟ್ಟ ಹಾಳೆಗೆ ಸಹಿ ಹಾಕಬೇಡ. ಯಾರೇ ಅವಸರ ಮಾಡಿದರೂ, ಊಟ ತಣ್ಣಗಾಗುತ್ತೆ ಅಂದರೂ, ಹಾಕಬೇಡ. ಕ್ರಿಯಾ ಯೋಜನೆಯಲ್ಲಿ ನಿನ್ನ ಬೀದಿಯ ಕೆಲಸ ಇದೆಯಾ ನೋಡು. ಅದರಲ್ಲಿ ಇಲ್ಲದ್ದು ಭಾಷಣದಲ್ಲಿ ಎಷ್ಟಿದ್ದರೂ ಆಗೋದಿಲ್ಲ. ಪಿಡಿಒ ಹತ್ತಿರ ಜೋರು ಮಾಡಬೇಡ, ಕಾಲಿಗೂ ಬೀಳಬೇಡ. ಅರ್ಜಿ ಬರೆದುಕೊಟ್ಟು ಸ್ವೀಕೃತಿ ತಗೋ. ಬಾಯಿ ಮಾತಿಗೆ ಸಾಕ್ಷಿ ಇಲ್ಲ, ಮೊಹರು ಬಿದ್ದ ಕಾಗದಕ್ಕೆ ಇದೆ.

ನೀರಗಂಟಿ, ಕರ ವಸೂಲಿಗಾರ, ಕಸದ ಗಾಡಿಯ ಹೆಣ್ಣುಮಗಳು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇವರನ್ನ ಹೆಸರು ಹಿಡಿದು ಮಾತಾಡಿಸು. ಊರು ನಿಜವಾಗಿ ನಡೆಯೋದು ಇವರಿಂದ. ನೀನು ಸೋತರೂ ಇವರು ಕೆಲಸ ಬಿಡೋದಿಲ್ಲ.

ಸೋಲಿನ ಮಾತು ಬಂತು. ನನ್ನ ಎರಡನೇ ಚುನಾವಣೆಯಲ್ಲಿ ನಾನು ಸೋತೆ. ಆ ಸಲ ದುಡ್ಡು ಹಂಚಲಿಲ್ಲ, ಜೀಪು ಹಿಡೀಲಿಲ್ಲ, ಮಾತು ಕೊಡಲಿಲ್ಲ. ಮಾರನೇ ದಿನ ಬೆಳಗ್ಗೆ ಎದ್ದು ಗೆದ್ದವನ ಮನೆಗೆ ಹೋದೆ. ಆ ಕುಸಿದ ಮೋರಿಯ ಕಾಗದಪತ್ರ ಕೈಗಿಟ್ಟು, ನಡೆದದ್ದೆಲ್ಲ ಹೇಳಿ, "ಇದನ್ನ ನೀನು ಮೊದಲು ಕಟ್ಟಿಸು" ಅಂದೆ. ಒಂದು ವರ್ಷ ಅಲೆದೆವು ಇಬ್ಬರೂ. ಮೋರಿ ಎದ್ದಿತು. ಈಗಲೂ ನಿಂತಿದೆ. ನೀನು ಬೈಕಿನಲ್ಲಿ ಹಾರಿಸಿಕೊಂಡು ಹೋಗ್ತೀಯಲ್ಲ, ಅದೇ. ನನ್ನ ಲೆಕ್ಕದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದು. ಮಾಡಿದ್ದು ಸದಸ್ಯನಾಗಿ ಅಲ್ಲ, ಸೋತ ಮೇಲೆ.

ಹತ್ತು ವರ್ಷ ದುಡಿದು ಮತ್ತೊಂದು ಜೋಡಿ ಎತ್ತು ಕಟ್ಟಿದೆ. ಅಷ್ಟರಲ್ಲಿ ಅಪ್ಪ ಇರಲಿಲ್ಲ. ಆ ವರ್ಷ ಜಾತ್ರೆಗೆ ಬಂಡಿ ಹೂಡಿದಾಗ, ಎಲ್ಲರೂ ಓಡಿಸಿದರೂ ನಾನು ಓಡಿಸಲಿಲ್ಲ. ನಿಧಾನಕ್ಕೆ ನಡೆಸಿಕೊಂಡು ಹೋದೆ. ಪಾನಕ ಒಂದು ಹನಿ ತುಳುಕಲಿಲ್ಲ.

ನಿನ್ನನ್ನ ಬೇಡ ಅನ್ನೋಕೆ ಇದನ್ನೆಲ್ಲ ಹೇಳಲಿಲ್ಲ ಮಗಾ. ನಿಲ್ಲು. ನನ್ನ ಓಟು ನಿನಗೇ. ಆದರೆ ಆ ಫ್ಲೆಕ್ಸಿನ ಹುಡುಗನಿಗೆ ಒಂದು ವಾರ ತಡಿ ಅಂತ ಫೋನು ಮಾಡು. ನಾಳೆ ಬೆಳಗ್ಗೆ ಐದೂವರೆಗೆ ನೀರಗಂಟಿ ವಾಲ್ವು ತಿರುಗಿಸೋಕೆ ಹೊರಡ್ತಾನೆ. ಅವನ ಜೊತೆ ಮೇಲಿನ ಬೀದಿಯಿಂದ ಕೊನೇ ಮನೆತನಕ ನಡೆದು ಬಾ. ಕೊನೇ ಮನೆಯ ನಲ್ಲಿಯಲ್ಲಿ ಒಂದು ಕೊಡ ತುಂಬೋಕೆ ಎಷ್ಟು ಹೊತ್ತು ಹಿಡೀತು ಅಂತ ನೋಡಿಕೊಂಡು ಬಂದು ನನಗೆ ಹೇಳು. ಆಮೇಲೆ ಇಬ್ಬರೂ ಕೂತು ನಿನ್ನ ಕರಪತ್ರ ಬರೆಯೋಣ.